ಹೊಸ್ತಿಲ ಒಳಗಿನ ಹಿಮ್ಮಡಿ

ಬಚ್ಚಲುಮನೆಗೆ ಹೋಗುವ ದಾರಿಯ ಗೋಡೆಯ ಮೇಲೆ, ನನ್ನ ಭುಜದ ಎತ್ತರಕ್ಕೆ, ಅಂಗೈಯಗಲದ ಒಂದು ಮಾಸಲು ಗುರುತು ಬಿದ್ದಿತ್ತು. ಸ್ವಲ್ಪ ಮುಂದೆ ಇನ್ನೊಂದು. ಬಾಗಿಲಿನ ಚೌಕಟ್ಟಿನ ಹತ್ತಿರ ಮತ್ತೊಂದು, ಅದು ಉಳಿದೆರಡಕ್ಕಿಂತ ತಿಳಿ. ಹಬ್ಬಕ್ಕೆ ಮೊದಲು ಗೋಡೆ ಒರೆಸುತ್ತಿದ್ದ ಅಮ್ಮ ಒದ್ದೆ ಬಟ್ಟೆ ಹಿಡಿದುಕೊಂಡೇ ನನ್ನ ಕೋಣೆಗೆ ಬಂದಳು.

“ಗೋಡೆ ಮೇಲಿರೋ ಕೈ ಯಾರದ್ದೇ? ನಿಂದಾ?”

“ಇರಬಹುದು.”

“ಇರಬಹುದು ಅಂದ್ರೇನು ಮಾರಾಯ್ತಿ? ಗೋಡೆ ಹಿಡ್ಕೊಂಡು ನಡೆಯೋಕೆ ನೀನೇನು ತಪ್ಪುಹೆಜ್ಜೆ ಇಡೋ ಮಗುವಾ?”

ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಬೆಳಗ್ಗೆ ಹಾಸಿಗೆಯಿಂದ ಕಾಲು ಕೆಳಗಿಟ್ಟ ಕೂಡಲೇ ಎಡಗಾಲಿನ ಹಿಮ್ಮಡಿಯಲ್ಲಿ, ಒಡೆದ ಗಾಜಿನ ಚೂರನ್ನು ತುಳಿದ ಹಾಗೆ ನೋವು ಹೊಡೆಯುತ್ತಿತ್ತು. ಬೆರಳ ತುದಿಯಲ್ಲಿ ನಿಂತು, ಗೋಡೆಗೆ ಕೈ ಊರಿ, ಬಚ್ಚಲುಮನೆ ಸೇರುತ್ತಿದ್ದೆ. ಮುಖ ತೊಳೆದು ಹೊರಬರುವಷ್ಟರಲ್ಲಿ ನೋವು ಅರ್ಧ ಇಳಿದಿರುತ್ತಿತ್ತು. ಅಮ್ಮ ಕಾಫಿ ಸೋಸುವ ಹೊತ್ತಿಗೆ ನಾನು ಎಲ್ಲರ ಹಾಗೆ ನಡೆಯುತ್ತಿದ್ದೆ. ಹಾಗಾಗಿ ಮುಚ್ಚಿಡುವುದು ಕಷ್ಟವಾಗಿರಲಿಲ್ಲ. ನನ್ನ ಮೈಯ ವಿಷಯ ಮನೆಯ ಮಾತಾಗುವುದು ನನಗೆ ಮೊದಲಿನಿಂದಲೂ ಹಿಡಿಸದು. ಇದನ್ನು ಬರೆಯಲು ಕೂತಾಗಲೂ ಸ್ವಲ್ಪ ಮುಜುಗರವಾಗುತ್ತಿದೆ. ಆದರೆ ಇದೇ ನೋವನ್ನು ಯಾರೋ ನನ್ನ ಹಾಗೆಯೇ ಗೋಡೆಗೆ ಮಾತ್ರ ತಿಳಿಯುವಂತೆ ಇಟ್ಟುಕೊಂಡಿರಬಹುದು ಎಂದು ಬರೆಯುತ್ತಿದ್ದೇನೆ.

ನಮ್ಮ ಮನೆ ಶಿವಮೊಗ್ಗದ ವಿನೋಬನಗರದಲ್ಲಿದೆ. ಅಮ್ಮ, ಅಪ್ಪನ ತಾಯಿಯಾದ ಅಜ್ಜಿ, ನಾನು. ಅಪ್ಪ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದು ರಜೆಗೆ ಬರುತ್ತಾರೆ. ನಾನು ಭದ್ರಾವತಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ದಿನವೂ ಬಸ್ಸು, ಬಹಳ ಸಲ ನಿಂತೇ ಪ್ರಯಾಣ. ಮಧ್ಯಾಹ್ನ ಪ್ರಯೋಗಾಲಯ. ಅಲ್ಲಿ ಕುಳಿತು ಕಲಿಸಲು ಬರುವುದಿಲ್ಲ. ಆಸಿಡ್ ಹಿಡಿದ ಕೈಗಳ ನಡುವೆ ಯಾರು ಎಲ್ಲಿ ತಪ್ಪುತ್ತಾರೆ ಎಂದು ನೋಡುತ್ತ ಮೇಜಿನಿಂದ ಮೇಜಿಗೆ ಓಡಾಡುತ್ತಿರಬೇಕು. ದ್ರಾವಣ ಬಣ್ಣ ತಿರುಗುವ ಆ ಒಂದು ಹನಿಯ ಕ್ಷಣದಲ್ಲಿ ಹುಡುಗಿಯರ ಮುಖ ನೋಡುವುದಕ್ಕಾಗಿಯೇ ನಾನು ಈ ಕೆಲಸ ಹಿಡಿದೆ ಎನ್ನಬಹುದು. ಗೋಡೆಗೆ ಕೈ ಊರುತ್ತಿದ್ದ ಆ ಬೆಳಗುಗಳಲ್ಲೆಲ್ಲ ನನ್ನ ಭಯ ಒಂದೇ ಆಗಿತ್ತು: ನಿಲ್ಲಲಾಗದಿದ್ದರೆ ಇದು ಹೋಗುತ್ತದೆ.

ಅಮ್ಮನಿಗೆ ಗೊತ್ತಾದ ಮೇಲೆ ಅದು ಭದ್ರಾವತಿಯ ಓಲ್ಡ್ ಟೌನಿನಲ್ಲಿರುವ ಚಿಕ್ಕಮ್ಮನಿಗೆ ಮುಟ್ಟಲು ಒಂದು ಫೋನ್ ಸಾಕಾಯಿತು. ಮರುದಿನ ಕಾಲೇಜು ಬಿಟ್ಟ ಮೇಲೆ ಚಿಕ್ಕಮ್ಮ ನನ್ನನ್ನು ಮನೆಗೇ ಕರೆಸಿಕೊಂಡಳು.

“ಮೂಳೆ ಬೆಳೆದಿರುತ್ತೆ ಕಣೇ. ಹಿಮ್ಮಡಿ ಒಳಗೆ ಮುಳ್ಳಿನ ಥರ. ನಮ್ಮ ಹಿಂದಿನ ಬೀದಿಯೋಳಿಗೆ ಆಪರೇಷನ್ನೇ ಮಾಡಿದ್ರು.”

“ಸರಿಹೋಯ್ತಾ?”

“ಎಲ್ಲಿ ಸರಿ ಹೋಗುತ್ತೆ? ಈಗ ಇನ್ನೊಂದು ಕಾಲು ಹಿಡ್ಕೊಂಡಿದೆ. ತಗೋ, ಇದನ್ನ ಹಾಕ್ಕೊ.” ಪ್ಲಾಸ್ಟಿಕ್ಕಿನ ಗುಬುಟುಗಳಿದ್ದ ಆಕ್ಯುಪ್ರೆಶರ್ ಚಪ್ಪಲಿಯನ್ನು ನನ್ನ ಮುಂದಿಟ್ಟಳು. “ನಿಮ್ಮ ಚಿಕ್ಕಪ್ಪ ಹಾಕ್ಕೊಂಡು ಒಂದು ರೌಂಡ್ ಹೋಗಿ ಬಂದೋರು ಮತ್ತೆ ಮುಟ್ಲಿಲ್ಲ.”

“ಮತ್ತೆ ನನಗ್ಯಾಕೆ?”

“ಅವರಿಗೆ ಸಹನೆ ಇಲ್ಲ. ನಿಂಗಿದೆ.”

ನನ್ನ ಸಹನೆಯೂ ಆ ಬೀದಿಯ ತಿರುವಿನವರೆಗೆ ಮಾತ್ರ ಬಂತು. ಅಮ್ಮನದು ಬೇರೆ ಔಷಧ. ಖಾಲಿ ಸೈಟಿನಿಂದ ಎಕ್ಕದ ಎಲೆ ತಂದು, ಕಾಯಿಸಿದ ಇಟ್ಟಿಗೆಯ ಮೇಲೆ ಹರಡಿ, ಅದರ ಮೇಲೆ ಹಿಮ್ಮಡಿ ಊರಲು ಹೇಳಿದಳು. ಬಿಸಿ ಹಿತವಾಗಿತ್ತು, ಬೆಂದ ಎಲೆಯ ಹಸಿರು ವಾಸನೆಯೂ ಹಿತವಾಗಿತ್ತು. ಬೆಳಗ್ಗೆ ಗಾಜು ಅಲ್ಲೇ ಕಾದಿರುತ್ತಿತ್ತು.

ಕೊನೆಗೆ ನಮ್ಮ ಬಡಾವಣೆಯಲ್ಲೇ ಇರುವ ಮೂಳೆ ಡಾಕ್ಟರ ಕ್ಲಿನಿಕ್ಕಿಗೆ ಹೋದೆವು. ಬಾಗಿಲಲ್ಲಿ “ಪಾದರಕ್ಷೆಗಳನ್ನು ಹೊರಗೆ ಬಿಡಿ” ಎಂಬ ಫಲಕ. ಅದರ ಕೆಳಗೆ ಮೆತ್ತನೆಯ, ದಪ್ಪ ಅಟ್ಟೆಯ ಚಪ್ಪಲಿಗಳ ದೊಡ್ಡ ಸಾಲು. ಒಳಗೆ ಅವುಗಳ ಒಡತಿಯರು ತಣ್ಣನೆಯ ಟೈಲ್ಸಿನ ಮೇಲೆ ಬರಿಗಾಲಲ್ಲಿ, ಒಬ್ಬೊಬ್ಬರು ಒಂದೊಂದು ರೀತಿ ವಾಲುತ್ತ, ಕುರ್ಚಿಯಿಂದ ಡಾಕ್ಟರ ಬಾಗಿಲಿಗೆ ಹೋಗುತ್ತಿದ್ದರು. ಪಕ್ಕದಲ್ಲಿ ಕೂತ ಹೆಂಗಸು ಅಮ್ಮನಿಗೆ ಪಿಸುಗುಟ್ಟಿದಳು, “ಈ ಹಾಲ್ ದಾಟೋದೇ ಟೆಸ್ಟು ನೋಡಿ. ಬಿದ್ರೆ ಅಡ್ಮಿಟ್ಟು, ಬೀಳದಿದ್ರೆ ಮಾತ್ರೆ.” ಅಮ್ಮ ನಕ್ಕಳು. ನನಗೂ ನಗು ಬಂತು. ಇಷ್ಟು ಜನ ಇದ್ದಾರಲ್ಲ ಎಂದು ಅದೇ ಕ್ಷಣದಲ್ಲಿ ಎದೆ ಸ್ವಲ್ಪ ಹಗುರವೂ ಆಯಿತು.

ಡಾಕ್ಟರು ನನ್ನ ಪಾದವನ್ನು ಕೈಯಲ್ಲಿ ಹಿಡಿದು, ಹಿಮ್ಮಡಿಯ ಒಳಬದಿಗೆ, ಪಾದದ ಬಾಗು ಶುರುವಾಗುವ ಜಾಗದಲ್ಲಿ ಹೆಬ್ಬೆರಳು ಒತ್ತಿದರು. ನಾನು ಮಂಚದಿಂದ ಏಳುವಷ್ಟು ನೋವಾಯಿತು.

“ಬೆಳಗ್ಗೆ ಎದ್ದಾಗ ಇಡೋ ಮೊದಲ್ನೇ ಹೆಜ್ಜೆ. ಅಲ್ವಾ?”

ನಾನು ಇನ್ನೂ ಏನೂ ಹೇಳಿರಲಿಲ್ಲ. ತಿಂಗಳುಗಟ್ಟಲೆ ನನ್ನೊಳಗೇ ಇದ್ದ ಒಂದು ಗುಟ್ಟನ್ನು ಅಪರಿಚಿತರೊಬ್ಬರು ಒಂದು ಹೆಬ್ಬೆರಳಿನಲ್ಲಿ ಓದಿದ್ದರು. ಕಣ್ಣು ತುಂಬಿತು, ನೋವಿಗೆ ಎಂದುಕೊಂಡು ಅವರು ಕೈ ತೆಗೆದರು. ಎಕ್ಸ್‌ರೇಯಲ್ಲಿ ಚಿಕ್ಕಮ್ಮ ಹೇಳಿದ ಮುಳ್ಳು ನಿಜವಾಗಿಯೂ ಇತ್ತು, ಉಗುರಿನ ತುದಿಯಷ್ಟು. “ಅದರ ತಂಟೆಗೆ ಹೋಗೋದು ಬೇಡ,” ಎಂದರು. “ಎಷ್ಟೋ ಜನಕ್ಕೆ ಇರುತ್ತೆ, ಗೊತ್ತೂ ಆಗಲ್ಲ. ಅಂಗಾಲಿನ ಉದ್ದಕ್ಕೂ ಇರೋ ನಾರಿನ ಪಟ್ಟಿ ಎಳೆದು ಸುಸ್ತಾಗಿದೆ. ಆಪರೇಷನ್ ಮಾತೇ ಇಲ್ಲ. ಒಳ್ಳೇ ಚಪ್ಪಲಿ, ಹಿಮ್ಮಡಿಗೆ ಮೆತ್ತೆ, ವ್ಯಾಯಾಮ. ಗಟ್ಟಿ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲಬೇಡಿ. ನಿಧಾನಕ್ಕೆ ಹೋಗುತ್ತೆ.”

ನಾನು ಹೇಳಿದ್ದನ್ನು ಹೇಳಿದ ಹಾಗೆ ಮಾಡುವವಳು. ಪಾದದ ಬಾಗಿಗೆ ಆಸರೆ ಕೊಡುವ ಚಪ್ಪಲಿ ತಂದೆ. ಕಾಲೇಜಿನ ಶೂವಿನೊಳಗೆ ಸಿಲಿಕಾನ್ ಬಟ್ಟಲಿನಂಥ ಮೆತ್ತೆ ಇಟ್ಟೆ. ಹೊರಗೆ ಒಂದು ಹೆಜ್ಜೆಯನ್ನೂ ಬರಿಗಾಲಲ್ಲಿ ಇಡಲಿಲ್ಲ. ಆದರೂ ನೋವು ಹೋಗಲಿಲ್ಲ. ಒಂದು ಮಧ್ಯಾಹ್ನ ಪ್ರಯೋಗಾಲಯದಲ್ಲಿ ಹುಡುಗಿಯೊಬ್ಬಳ ಪ್ರನಾಳ ಕುದಿದು ಉಕ್ಕುವ ಹಾಗಾಯಿತು. ನಾನು ಅವಳ ಕಡೆ ತಿರುಗಿದೆ, ಕಾಲು ತಿರುಗಲಿಲ್ಲ. ಪಕ್ಕದವಳು ಅದನ್ನು ಜ್ವಾಲೆಯಿಂದ ಎಳೆದುಕೊಂಡಳು, ಯಾರಿಗೂ ಏನೂ ಆಗಲಿಲ್ಲ. ಸಂಜೆ ವಿಭಾಗದ ಮುಖ್ಯಸ್ಥರು ನನ್ನನ್ನು ಕರೆದು ಮೆಲ್ಲಗೆ ಹೇಳಿದರು:

“ನೋಡಿ ಮೇಡಂ, ತಪ್ಪು ತಿಳ್ಕೋಬೇಡಿ. ಪ್ರಾಕ್ಟಿಕಲ್ ಪರೀಕ್ಷೆವರೆಗೆ ನೋಡೋಣ. ಆಗ್ಲೂ ನಿಲ್ಲೋಕಾಗಲ್ಲ ಅಂದ್ರೆ ಮುಂದಿನ ವರ್ಷ ಲ್ಯಾಬ್ ಬೇರೆಯವರಿಗೆ ಕೊಡೋಣ. ನೀವು ಥಿಯರಿ ತಗೊಳ್ಳಿ, ಆರಾಮಾಗಿರುತ್ತೆ.”

ಅವರು ದಯೆಯಿಂದಲೇ ಹೇಳಿದ್ದು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಬರುವಾಗ ಆ ದಯೆ ನನ್ನನ್ನು ಹಿಮ್ಮಡಿಗಿಂತ ಹೆಚ್ಚು ಚುಚ್ಚಿತು.

ಮತ್ತೆ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಪಕ್ಕದ ಕೋಣೆಯ ಫಿಸಿಯೋಥೆರಪಿಸ್ಟ್ ಹತ್ತಿರ ಕಳುಹಿಸಿದರು. ನನಗಿಂತ ಕೆಲವು ವರ್ಷ ದೊಡ್ಡವರಿರಬೇಕು. ನನ್ನ ಚಪ್ಪಲಿ ನೋಡಬೇಕೆಂದರು. ಹೊರಗಿದೆ ಎಂದೆ. ಅವರೇ ಹೋಗಿ, ಫಲಕದ ಕೆಳಗಿನಿಂದ ಅದನ್ನು ಎತ್ತಿ ತಂದು ಮೇಜಿನ ಮೇಲಿಟ್ಟರು. ನಾನು ಗಾಬರಿಯಿಂದ ಬಾಗಿಲ ಕಡೆ ನೋಡಿದೆ.

“ಚಪ್ಪಲಿ ಚೆನ್ನಾಗಿದೆ. ಯಾವಾಗೆಲ್ಲ ಹಾಕ್ತೀರಿ?”

“ಹೊರಗೆ ಹೋದಾಗೆಲ್ಲ.”

“ಮನೇಲಿ?”

“ಮನೇಲಿ ಹೇಗೆ ಹಾಕೋದು?”

ಅವರು ಪೆನ್ನು ಕೆಳಗಿಟ್ಟು ನಕ್ಕುಬಿಟ್ಟರು. “ಇಲ್ಲಿಗೆ ಬರೋರೆಲ್ಲ ಇದನ್ನೇ ಕೇಳ್ತಾರೆ ಮಾರಾಯ್ರೆ. ನಮ್ಮಮ್ಮನೂ ಇದನ್ನೇ ಕೇಳಿದ್ರು. ಮನೆ ನೆಲ ಏನು?”

“ಗ್ರಾನೈಟು.”

“ಬೆಳಗ್ಗೆ ಎದ್ದಾಗಿಂದ ಬಸ್ ಹತ್ತೋವರೆಗೆ ಎಲ್ಲಿ ನಿಂತಿರ್ತೀರಿ?”

ಬಚ್ಚಲುಮನೆ, ಅಡುಗೆಮನೆ, ಒಲೆಯ ಮುಂದೆ, ದೇವರ ಮುಂದೆ. ಸಂಜೆ ಬಂದ ಮೇಲೆ ಮತ್ತೆ ಅಲ್ಲೇ. ಭಾನುವಾರ ಇಡೀ ದಿನ. ಹೇಳುತ್ತ ಹೋದಂತೆ ನನಗೇ ಕೇಳಿಸತೊಡಗಿತು. ನನ್ನ ಮದ್ದನ್ನು ನಾನು ದಿನವೂ ಹೊಸ್ತಿಲ ಹೊರಗೆ, ಎಡ ಮೂಲೆಯಲ್ಲಿ, ಜೋಡಿಸಿಟ್ಟು ಒಳಗೆ ಹೋಗುತ್ತಿದ್ದೆ. ಡಾಕ್ಟರು ಹೇಳಿದ “ಗಟ್ಟಿ ನೆಲ” ಎಂದರೆ ರಸ್ತೆ ಎಂದುಕೊಂಡಿದ್ದೆ. ಮನೆಯ ನೆಲ ನೆಲವೆಂದು ನನಗೆ ಅನ್ನಿಸಿರಲೇ ಇಲ್ಲ.

ಅವರು ನನ್ನ ಪಾದವನ್ನು ನೀರಿನಲ್ಲಿ ಅದ್ದಿಸಿ ಹಳೆಯ ದಿನಪತ್ರಿಕೆಯ ಮೇಲೆ ನಿಲ್ಲಿಸಿದರು. ಕಾಲು ತೆಗೆದಾಗ ಕಾಗದದ ಮೇಲೆ ಒದ್ದೆ ಗುರುತು: ಹಿಮ್ಮಡಿಯ ದುಂಡು, ಹೊರಗಡೆಯಿಂದ ಹಾದು ಹೋಗುವ ಕಿರಿದಾದ ಪಟ್ಟಿ, ಮುಂದೆ ಅಗಲ, ಅದರಾಚೆ ಬೆರಳುಗಳ ಐದು ಹನಿ. ನಡುವೆ ಒಳಬದಿಗೆ ನೀರು ಮುಟ್ಟದ ಒಣ ಜಾಗ. ಅಲ್ಲಿ ನನ್ನ ಪಾದ ನೆಲವನ್ನು ಮುಟ್ಟದೆ ಎತ್ತರದಲ್ಲಿ ಬಾಗಿತ್ತು. “ಇಡೀ ಮೈ ಭಾರ ಹೊರೋದು ಈ ಖಾಲಿ ಜಾಗದ ಪುಣ್ಯ,” ಎಂದರು. ನಾನು ಆ ಗುರುತು ಆರಿಹೋಗುವವರೆಗೂ ನೋಡುತ್ತಿದ್ದೆ. ಪ್ರಯೋಗಾಲಯದಲ್ಲಿ ಎಷ್ಟೋ ಸೂಕ್ಷ್ಮ ಉಪಕರಣಗಳನ್ನು ಹತ್ತಿಯಲ್ಲಿಟ್ಟು ಕಾಪಾಡುತ್ತೇನೆ. ಹುಟ್ಟಿದಂದಿನಿಂದ ನನ್ನ ಜೊತೆಗೇ ಬಂದ ಈ ಕಮಾನನ್ನು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ.

ಮನೆಯೊಳಗೆ ಹಾಕಲು ಮೆತ್ತನೆಯ ಹೊಸ ಜೋಡಿ ಕೊಂಡೆ. ಡಬ್ಬಿಯೊಡನೆ ತಂದು ಬೀರುವಿನಲ್ಲಿಟ್ಟೆ. ಅದು ಅಲ್ಲೇ ಉಳಿಯಿತು.

ಕಾರಣ ಅಜ್ಜಿ. ಅವಳು ಬೈಯುತ್ತಾಳೆಂದಲ್ಲ, ಅಜ್ಜಿ ಬೈಯುವವಳೇ ಅಲ್ಲ. ಬೆಳಗ್ಗೆ ಮಿಂದು, ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಅವಳು ಕೂರುವುದು ನಡುಮನೆಯ ಮೂಲೆಯಲ್ಲಿ. ಆ ಮೂಲೆಗೂ ಅಡುಗೆಮನೆಗೂ ನನ್ನ ಕೋಣೆಗೂ ನಡುವೆ ಇರುವುದು ಒಂದೇ ನೆಲ. ಒಮ್ಮೆ ಫ್ರಿಜ್ ರಿಪೇರಿಯವನು ಶೂ ಹಾಕಿಕೊಂಡೇ ಒಳಗೆ ಬಂದಾಗ ಅಜ್ಜಿ ಅವನಿಗೆ ಏನೂ ಅನ್ನದೆ ಮಜ್ಜಿಗೆ ಕೊಟ್ಟು, ಅವನು ಹೋದ ಮೇಲೆ ಇಡೀ ನೆಲವನ್ನು ತಾನೇ ತೊಳೆದಿದ್ದಳು. ಅಂಥವಳ ಮುಂದೆ ಚಪ್ಪಲಿ ಮೆಟ್ಟಿ ನಡೆಯಲು ನನ್ನಿಂದಾಗದು. ಕೇಳಲೂ ಆಗದು. ಪರೀಕ್ಷೆ ಹತ್ತಿರವಾಗುತ್ತಿತ್ತು.

ಕೊನೆಗೆ ಡಬ್ಬಿ ಕಂಡ ಅಮ್ಮ ನನ್ನನ್ನು ಕೇಳಿ ತಿಳಿದು, ನನ್ನ ಪರವಾಗಿ ಬಾಯಿ ತೆರೆದಳು.

“ಅತ್ತೆ, ಡಾಕ್ಟ್ರು ಇವಳಿಗೆ ಮನೆ ಒಳಗೂ ಚಪ್ಪಲಿ ಹಾಕ್ಕೋಬೇಕು ಅಂದಿದಾರೆ.”

ಅಜ್ಜಿ ಹೂವಿನ ತೊಟ್ಟು ಬಿಡಿಸುತ್ತಿದ್ದಳು. “ಹೂಂ,” ಎಂದಳು. ಅಷ್ಟೇ. ಅಮ್ಮ ನನ್ನ ಮುಖ ನೋಡಿದಳು, ನಾನು ಹೂವಿನ ಬುಟ್ಟಿ ನೋಡಿದೆ.

ಮರುದಿನ ಸಂಜೆ ಕಾಲೇಜಿನಿಂದ ಬಂದು ಕೂತಿದ್ದೆ. ಅಜ್ಜಿ ಒಂದು ಬೋಗುಣಿಯಲ್ಲಿ ಬೆಚ್ಚನೆಯ ನೀರು ತಂದು ನನ್ನ ಕುರ್ಚಿಯ ಮುಂದಿಟ್ಟು, ಮಂಡಿ ಹಿಡಿದುಕೊಂಡು ನೆಲಕ್ಕೆ ಕೂತಳು.

“ಕಾಲು ಇತ್ತ ಕೊಡು.”

ನಾನು ಎರಡೂ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡೆ. ನಮ್ಮಲ್ಲಿ ಕಿರಿಯರು ಹಿರಿಯರ ಕಾಲು ಮುಟ್ಟುತ್ತಾರೆ. ಹಿರಿಯರ ಕೈ ಕಿರಿಯರ ಪಾದಕ್ಕೆ ತಗುಲಿದರೂ ಮೈ ಜುಮ್ಮೆನ್ನುತ್ತದೆ.

“ಅಜ್ಜಿ, ಬೇಡ. ನಾನು ಚಿಕ್ಕೋಳು.”

“ನೋವಿಗೆ ಚಿಕ್ಕೋರು ದೊಡ್ಡೋರು ಅಂತ ಇದೆಯೇನೆ? ಕೊಡು ಅಂದ್ರೆ ಕೊಡು.”

ಮಠದಿಂದ ಅಯ್ಯನವರು ಬಂದಾಗ ಅಜ್ಜಿ ಪಾದಪೂಜೆ ಮಾಡುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಬೆರಳುಗಳ ಸಂದಿಗೂ ನೀರು ಹಾಯಿಸಿ, ಮಡಿ ಬಟ್ಟೆಯಲ್ಲಿ ಒತ್ತಿ ಒರೆಸುವ ರೀತಿ. ಈಗ ಅದೇ ಕೈ, ಅದೇ ರೀತಿ. ಒರೆಸುತ್ತ ಒರೆಸುತ್ತ ಅವಳ ಹೆಬ್ಬೆರಳು ನನ್ನ ಹಿಮ್ಮಡಿಯ ಒಳಬದಿಗೆ ಜಾರಿ, ಡಾಕ್ಟರು ಒತ್ತಿದ್ದ ಆ ಜಾಗದಲ್ಲೇ ನಿಂತಿತು. ನಾನು ತೋರಿಸಿರಲಿಲ್ಲ. ಡಾಕ್ಟರ ಹಾಗೆ ಒತ್ತಲಿಲ್ಲ, ಸುಮ್ಮನೆ ಇಟ್ಟಳು.

“ಅಯ್ನೋರ ಪಾದ ತೊಳ್ದು ಆ ನೀರು ಕಣ್ಣಿಗೆ ಒತ್ಕೋತೀನಿ,” ಎಂದಳು. “ಮೊಮ್ಮಗಳ ಪಾದ ಕಲ್ಲಿಗೆ ಹಾಕಿ ಅರೆದ್ರೆ ಶಿವ ಮೆಚ್ತಾನಾ? ಎಲ್ಲಿ ಆ ಡಬ್ಬಿ?”

ಅಮ್ಮ ತಂದುಕೊಟ್ಟಳು. ಅಜ್ಜಿ ಚಪ್ಪಲಿ ತೆಗೆದು ಅಟ್ಟೆ ತಿರುಗಿಸಿ ನೋಡಿದಳು.

“ಇದು ಬೀದಿ ಕಂಡಿಲ್ಲ ತಾನೆ?”

“ಇಲ್ಲ ಅಜ್ಜಿ.”

“ಮುಂದೇನೂ ಕಾಣಬಾರ್ದು. ಮಠದಲ್ಲಿ ಗುರುಗಳ ಹಾವುಗೆ ಗದ್ದುಗೆ ಮೇಲಿಟ್ಟು ಹೂವೇರಿಸ್ತೀವಿ. ಅವೂ ಕಾಲಿಗೆ ಮೆಟ್ಟಿದ್ದವೇ.” ನನ್ನ ಕಾಲಿಗೆ ತಾನೇ ತೊಡಿಸಿದಳು. “ಪೂಜೆ ಮೂಲೆಗೆ ಮಾತ್ರ ತರಬೇಡ. ಅಲ್ಲಿ ನಿಂಗೆ ಕಂಬಳಿ ಮಡಚಿ ಹಾಕ್ತೀನಿ.”

“ನೋಡಿದ್ಯಾ,” ಎಂದು ಅಮ್ಮ ಹಿಂದಿನಿಂದ ಗೊಣಗಿದಳು, “ನಾನು ಬಾಣಂತನದಲ್ಲಿ ಸಾಕ್ಸ್ ಹಾಕ್ಕೊಂಡಿದ್ದಕ್ಕೆ ಮುಖ ಊದಿಸಿದ್ರು.”

“ನೀನು ಆ ಸಾಕ್ಸಲ್ಲೇ ಹಿತ್ತಲಿಗೆ ಹೋಗಿದ್ದೆ ಕಣೇ,” ಎಂದಳು ಅಜ್ಜಿ.

ಆಮೇಲೆ ಎಲ್ಲವೂ ಬಹಳ ನಿಧಾನ. ಬೇಗ ವಾಸಿಯಾಗುತ್ತದೆ ಎಂದು ಓದುವವರಿಗೆ ಸುಳ್ಳು ಹೇಳಲಾರೆ. ಬೆಳಗ್ಗೆ ಕಾಲು ಕೆಳಗಿಡುವ ಮೊದಲು, ಹಾಸಿಗೆಯಲ್ಲೇ ಕೂತು, ಟವೆಲನ್ನು ಅಂಗಾಲಿಗೆ ಸುತ್ತಿ ಬೆರಳುಗಳನ್ನು ನನ್ನ ಕಡೆ ಎಳೆದುಕೊಳ್ಳುವುದು. ಸಂಜೆ ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಯನ್ನು ಪಾದದ ಕೆಳಗೆ ಉರುಳಿಸುವುದು. ಗೋಡೆಗೆ ಎರಡೂ ಕೈ ಊರಿ ಮೀನಖಂಡ ಎಳೆಯುವುದು; ಅದೇ ಗೋಡೆ, ಈಗ ಬೇರೆ ಕೆಲಸಕ್ಕೆ. ಒಂದು ವಾರ ಹಿತವಾಗಿದ್ದು ಮರುವಾರ ಮತ್ತೆ ಗಾಜು ಚುಚ್ಚಿದ್ದೂ ಉಂಟು. ಆದರೆ ಗಾಜು ಮೆಲ್ಲಮೆಲ್ಲನೆ ಹರಳಾಯಿತು, ಹರಳು ಮರಳಾಯಿತು. ನಾನು ನಿದ್ದೆ ಮಾಡುತ್ತಿರುವಾಗ, ಪಾಠ ಮಾಡುತ್ತಿರುವಾಗ, ನನ್ನ ಅಪ್ಪಣೆ ಕೇಳದೆ ಅಂಗಾಲಿನೊಳಗೆ ಏನೋ ಎಳೆ ಎಳೆಯಾಗಿ ಕೂಡಿಕೊಳ್ಳುತ್ತಿತ್ತು.

ಆ ತಿಂಗಳುಗಳಲ್ಲಿ ನನ್ನ ಕಣ್ಣೆಲ್ಲ ಕಾಲುಗಳ ಮೇಲೆಯೇ. ಭದ್ರಾವತಿಯ ಸೇತುವೆಯ ಮೇಲೆ ಬಸ್ಸು ನಿಧಾನವಾದಾಗ ಪಕ್ಕದಲ್ಲಿ ನಡೆದುಹೋಗುವವರ ಹಿಮ್ಮಡಿಗಳು ಒಂದಾದ ಮೇಲೊಂದು ಏಳುವುದು, ಇಳಿಯುವುದು. ಓಲ್ಡ್ ಟೌನಿನ ಸಂದಣಿಯಲ್ಲಿ ತಲೆಯ ಮೇಲೆ ಮೂಟೆ ಹೊತ್ತವನ ಹವಾಯಿ ಚಪ್ಪಲಿ, ಸವೆದು ಹಿಮ್ಮಡಿಯ ಕಡೆ ಎಲೆಯಷ್ಟು ತೆಳುವಾಗಿದ್ದುದು. ಸೊಪ್ಪು ಮಾರುವವಳು ಕುಕ್ಕರುಗಾಲಿನಿಂದ ಕೈ ಊರದೆ ಎದ್ದು ನಿಂತ ಒಂದು ಗಳಿಗೆ. ಇಷ್ಟು ಸಣ್ಣ ಜಾಗದ ಮೇಲೆ ಇಷ್ಟು ದೊಡ್ಡ ಊರು ದಿನವೂ ಎದ್ದು ನಿಲ್ಲುತ್ತದಲ್ಲ ಎಂದು ನಾನು ಬಸ್ಸಿನ ಕಿಟಕಿಯಲ್ಲಿ ಬೆರಗಾಗಿ ಕೂತಿರುತ್ತಿದ್ದೆ.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ಮೆತ್ತೆಯಿಟ್ಟ ಶೂ ಬಿಗಿದುಕೊಂಡು ಹೋದೆ. ಹುಡುಗಿಯರು ಸಾಲಾಗಿ ನಿಂತು ಬ್ಯುರೆಟ್ಟಿನ ಗುರುತಿಗೆ ಕಣ್ಣು ಸಮ ಮಾಡುತ್ತಿದ್ದರು. ನನಗೆಂದು ಒಂದು ಸ್ಟೂಲು ಹಾಕಿಸಿದ್ದರು. ಮಧ್ಯಾಹ್ನದ ತಂಡವೂ ಮುಗಿದು ಗಾಜುಗಳನ್ನು ತೊಳೆದಿಡುವಾಗ ಮುಖ್ಯಸ್ಥರು ಬಂದು ಆ ಸ್ಟೂಲಿನ ಮೇಲೆ ತಾವೇ ಕೂತರು.

“ನನ್ನ ಸೊಂಟ ಹೋಯ್ತು ಮೇಡಂ. ನೀವು ಇನ್ನೂ ನಿಂತೇ ಇದೀರಲ್ಲ?”

“ನಿಂತಿದೀನಿ ಸರ್.”

“ಹಾಗಾದ್ರೆ ಮುಂದಿನ ವರ್ಷಾನೂ ಈ ಮಕ್ಕಳ ಕಾಟ ನಿಮಗೇ.”

ಮನೆಗೆ ಬಂದು ಬೀದಿಯ ಶೂ ಹೊರಗೆ ಬಿಟ್ಟು, ಒಳಗಿನ ಚಪ್ಪಲಿ ಮೆಟ್ಟಿ, ನೇರ ಅಜ್ಜಿಯ ಹತ್ತಿರ ಹೋದೆ. ಅವಳು ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಇಡೀ ದಿನ ನಿಂತಿದ್ದೆ ಎಂದು ಹೇಳಿದೆ. ನಾನಾಗಿಯೇ ನನ್ನ ಮೈಯ ಸುದ್ದಿಯನ್ನು ಹೇಳಿದ್ದು ಅದೇ ಮೊದಲಿರಬೇಕು.

“ಹೊತ್ತಾರೆ ಎದ್ದಾಗಿನದ್ದು? ಆ ಮೊದಲ್ನೇ ಹೆಜ್ಜೆ?”

“ಅದೂ ಈಗ ಇಲ್ಲ ಅಂದ್ರೂ ಆಗುತ್ತೆ.”

“ಹೌದಾ?” ಅಜ್ಜಿ ಸ್ವಲ್ಪ ಹೊತ್ತು ತನ್ನ ಪಾದಗಳನ್ನೇ ನೋಡಿದಳು. “ಅದೂ ಹೋಗುತ್ತಾ?”

ಆ ಪ್ರಶ್ನೆ ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ನನ್ನ ಹಿಮ್ಮಡಿಯ ಮೇಲೆ ತಾನಾಗಿ ಬಂದು ನಿಂತಿದ್ದ ಅವಳ ಹೆಬ್ಬೆರಳು ನೆನಪಾಯಿತು.

“ಅಜ್ಜಿ, ನಿಂಗೂ ಇದೆಯಾ?”

“ನಿಮ್ಮಪ್ಪ ಹೈಸ್ಕೂಲಲ್ಲಿದ್ದಾಗ ಶುರುವಾಗಿದ್ದು.”

“ಯಾರಿಗೂ ಹೇಳಲಿಲ್ವಾ?”

“ಹೇಳೋಕೇನಿದೆ? ನಡೀತಾ ನಡೀತಾ ಹೋಗುತ್ತಲ್ಲ. ಎಲ್ರಿಗೂ ಹಂಗೇ ಅಂತ ತಿಳ್ಕೊಂಡಿದ್ದೆ. ನಿಂಗೆ ಬರೋವರೆಗೂ ಅದಕ್ಕೊಂದು ಮದ್ದಿದೆ ಅಂತಲೂ ಗೊತ್ತಿರ್ಲಿಲ್ಲ.”

ನಮ್ಮ ಮನೆಯ ಪ್ರತಿ ಬೆಳಗೂ ಅಜ್ಜಿ ಎದ್ದ ಸದ್ದಿನಿಂದಲೇ ಶುರುವಾಗುತ್ತದೆ. ನಾನು ಹುಟ್ಟಿದಾಗಿನಿಂದ ಕೇಳಿದ ಆ ಮೆತ್ತನೆಯ ಮೊದಲ ಹೆಜ್ಜೆಗಳೆಲ್ಲ ಗಾಜಿನ ಮೇಲೆ ಇಟ್ಟವಾಗಿದ್ದವು. ಗೋಡೆಯ ಮೇಲೆ ಒಂದು ಗುರುತೂ ಬಿಡದೆ ಅವಳು ಬಚ್ಚಲಿಗೆ ನಡೆದಿದ್ದಳು, ಮಿಂದು ಬಂದು ನಮಗೆಲ್ಲ ವಿಭೂತಿ ಹಚ್ಚಿದ್ದಳು. ಅವಳ ಪಕ್ಕ ಕೂತು, ಆ ಬಿರಿದ ಹಿಮ್ಮಡಿಗಳನ್ನು ಮೊದಲ ಸಲ ಕಂಡವಳಂತೆ ನೋಡಿದೆ.

ಮರುದಿನ ಬೆಳಗ್ಗೆ ಅಜ್ಜಿಗಿಂತ ಮೊದಲು ಎದ್ದೆ. ಅವಳ ಕೋಣೆಗೆ ಹೋಗುವಷ್ಟರಲ್ಲಿ ಅವಳು ಆಗಲೇ ಕಾಲು ಇಳಿಬಿಟ್ಟು ಮಂಚದ ಅಂಚಿನಲ್ಲಿ ಕೂತಿದ್ದಳು. “ತಡಿ ಅಜ್ಜಿ, ಈಗಲೇ ನೆಲಕ್ಕೆ ಇಡಬೇಡ,” ಎಂದು ಅವಳ ಮುಂದೆ ನೆಲದ ಮೇಲೆ ಕೂತೆ. ಅವಳ ಪಾದವನ್ನು ನನ್ನ ಮಡಿಲಿಗೆ ತೆಗೆದುಕೊಂಡು, ಟವೆಲ್ ಸುತ್ತಿ, ಬೆರಳುಗಳನ್ನು ಅವಳ ಕಡೆಗೆ ಮೆಲ್ಲಗೆ ಬಾಗಿಸಿ ಹಿಡಿದೆ. ಆಮೇಲೆ ನನ್ನ ಕಾಲಿನ ಚಪ್ಪಲಿ ಬಿಚ್ಚಿ ಅವಳಿಗೆ ತೊಡಿಸಿ, ಎದ್ದು ನಿಂತು, ಅವಳು ಹಿಡಿದುಕೊಳ್ಳಲೆಂದು ನನ್ನ ಕೈ ಕೊಟ್ಟೆ.